ಮೀನಿನ ಬಾಯ ನಾಣ್ಯ, ಮರಳಿನಡಿಯ ಕೂಲಿ

ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಈ ಮೂರರ ನಡುವೆ ಚಂದ್ರವಳ್ಳಿಯ ಕಣಿವೆ ಇದೆ. ರಜೆಯ ದಿನ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುವ ಸಂಸಾರಗಳು ಕೆರೆಯನ್ನು ನೋಡುತ್ತವೆ; ಅಂಕಳಿ ಮಠದ ಗುಹೆಗಳಲ್ಲಿ ಇಳಿದು ಹತ್ತುತ್ತವೆ; ಕದಂಬ ಮಯೂರಶರ್ಮನ ಶಾಸನವಿರುವ ಬಂಡೆಯ ಮುಂದೆ ಒಂದು ಗಳಿಗೆ ನಿಂತು ಹಿಂದಿರುಗುತ್ತವೆ. ಕಾಲಡಿಯ ಮಣ್ಣು ಮಾತ್ರ ಯಾರ ಗಮನವನ್ನೂ ಸೆಳೆಯುವುದಿಲ್ಲ. ಆದರೆ ಆ ಮಣ್ಣಿನಲ್ಲಿ ದೂರದೇಶದ ಕಥೆಯೊಂದು ಹುದುಗಿತ್ತು.

1929ರ ಸುಮಾರಿನಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಸರ್ ಮಾರ್ಟಿಮರ್ ವೀಲರ್ ಅವರೂ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳು, ಮಡಕೆಯ ಚೂರುಗಳು, ಮಣಿಗಳು ಇವೇ ಮೊದಲಾದವುಗಳ ಜೊತೆಗೆ ಈ ನೆಲ ರೋಮ್ ಸಾಮ್ರಾಜ್ಯದ ಬೆಳ್ಳಿಯ ನಾಣ್ಯಗಳನ್ನೂ ನೀಡಿದೆ. ಅವು ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ‘ದಿನಾರಿ’ಗಳು. ತಿಬೇರಿಯಸ್ಸನು ಆಳಿದ್ದು ಕ್ರಿ. ಶ. 14ರಿಂದ 37ರವರೆಗೆ. ಏಸುಕ್ರಿಸ್ತನು ಗಲಿಲಾಯದ ಹಳ್ಳಿಗಳಲ್ಲಿ ಉಪದೇಶ ಮಾಡುತ್ತ ತಿರುಗಾಡಿದ್ದು ಇದೇ ದೊರೆಯ ಕಾಲದಲ್ಲಿ. ಚಕ್ರವರ್ತಿಗೆ ತೆರಿಗೆ ಕೊಡಬೇಕೆ ಬೇಡವೆ ಎಂದು ಕೇಳಿದವರಿಗೆ ಆತನು ತೋರಿಸೆಂದ ನಾಣ್ಯ ತಿಬೇರಿಯಸ್ಸನ ದಿನಾರಿಯೇ ಇರಬೇಕೆಂದು ಬಹಳ ಮಂದಿ ಬಗೆಯುತ್ತಾರೆ.

ವ್ಯಾಪಾರಿಯ ಚೀಲದಲ್ಲಿ ನಾಣ್ಯ ಬಂತು. ಕಥೆಗಳೂ ಬಂದವೆ? ಅದನ್ನು ಹೇಳಲು ಆಧಾರವಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಏಕೆಂದರೆ ಗ್ರೀಕರ ನಾಡಿನಲ್ಲಿಯೂ, ಆದಿ ಕ್ರೈಸ್ತರ ಬರೆಹಗಳಲ್ಲಿಯೂ, ದುರ್ಗದ ಸೀಮೆಯಲ್ಲಿಯೂ ಜನ ಹೇಳಿಕೊಂಡು ಬಂದ ಪವಾಡಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಅವು ಒಂದನ್ನೊಂದು ಕಂಡು ಕಲಿತವುಗಳಂತೆ ತೋರುವುದಿಲ್ಲ. ಒಂದೇ ಕಷ್ಟವನ್ನು ಬೇರೆ ಬೇರೆ ಮನೆಗಳಲ್ಲಿ ಉಂಡವರ ಮಾತುಗಳಂತೆ ತೋರುತ್ತವೆ.

ಮೂರು ಮೀನುಗಳು

ಮತ್ತಾಯನ ಸುವಾರ್ತೆಯಲ್ಲಿ ಒಂದು ಚಿಕ್ಕ ಪ್ರಸಂಗವುಂಟು. ದೇವಾಲಯದ ಕಾಣಿಕೆಯನ್ನು ವಸೂಲು ಮಾಡುವವರು ಬಂದು ಏಸುವಿನ ಶಿಷ್ಯನಾದ ಪೇತ್ರನನ್ನು ಕೇಳುತ್ತಾರೆ. ಸರೋವರಕ್ಕೆ ಹೋಗಿ ಗಾಳ ಹಾಕು, ಮೊದಲು ಸಿಕ್ಕ ಮೀನಿನ ಬಾಯಲ್ಲಿ ನಾಣ್ಯವೊಂದಿರುತ್ತದೆ, ಅದನ್ನು ನಮ್ಮಿಬ್ಬರ ಪರವಾಗಿ ಕೊಡು ಎಂದು ಏಸು ಹೇಳುತ್ತಾನೆ. ಪೇತ್ರನು ಹೋದನೆ, ಮೀನು ಸಿಕ್ಕಿತೆ, ಅದರ ಬಾಯಲ್ಲಿ ನಾಣ್ಯವಿತ್ತೆ? ಸುವಾರ್ತೆ ಅದನ್ನು ಹೇಳುವುದೇ ಇಲ್ಲ. ಕೇಳುವವರ ಮನಸ್ಸೇ ಉಳಿದುದನ್ನು ತುಂಬಿಕೊಂಡಿದೆ.

ಇದಕ್ಕೆ ಸುಮಾರು ಐದು ನೂರು ವರ್ಷಗಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬೇರೊಂದು ಮೀನಿನ ಕಥೆಯನ್ನು ಬರೆದಿಟ್ಟಿದ್ದ. ಸಾಮೊಸ್ ದ್ವೀಪದ ದೊರೆ ಪಾಲಿಕ್ರಟೀಸನ ಭಾಗ್ಯ ಎಲ್ಲೆ ಮೀರಿತ್ತು. ಅತಿ ಸುಖವನ್ನು ದೇವತೆಗಳು ಸಹಿಸರು, ನಿನಗೆ ಅತ್ಯಂತ ಪ್ರಿಯವಾದುದನ್ನು ಎಸೆದುಬಿಡು ಎಂದು ಮಿತ್ರನೊಬ್ಬ ಬುದ್ಧಿ ಹೇಳಿದ. ದೊರೆ ತನ್ನ ಮುದ್ರೆಯುಂಗುರವನ್ನು ಕಡಲಿಗೆಸೆದ. ಕೆಲವು ದಿನಗಳಲ್ಲಿ ಬೆಸ್ತನೊಬ್ಬ ತಂದೊಪ್ಪಿಸಿದ ದೊಡ್ಡ ಮೀನಿನ ಹೊಟ್ಟೆಯಲ್ಲಿ ಅದೇ ಉಂಗುರ! ದೊರೆಗೆ ಹರ್ಷ, ಮಿತ್ರನಿಗೆ ಭಯ. ಕಡೆಗೆ ಪಾಲಿಕ್ರಟೀಸ್ ದುರ್ಮರಣಕ್ಕೀಡಾದ.

ಮೂರನೆಯ ಮೀನಿನ ಪರಿಚಯವನ್ನು ವಾಚಕರಿಗೆ ಮಾಡಿಕೊಡಬೇಕಾಗಿಲ್ಲ. ಶಕುಂತಲೆಯ ಬೆರಳಿನಿಂದ ಜಾರಿದ ಉಂಗುರವನ್ನು ದುಷ್ಯಂತನ ಕೈಗೆ ಮರಳಿಸಿದ ಮೀನು ಅದು. ಕಾಳಿದಾಸನ ನಾಟಕವನ್ನು ಬಲ್ಲವರಿಗೆಲ್ಲ ಗೊತ್ತು.

ಮೀನು ಮೂರೂ ಕಡೆ ಒಂದೇ. ಆದರೆ ಅದು ತಂದುಕೊಟ್ಟದ್ದು ಬೇರೆ. ಗ್ರೀಕ್ ದೊರೆಗೆ ವಿಧಿಯ ಎಚ್ಚರಿಕೆಯನ್ನು ತಂದಿತು. ನಮ್ಮ ದೊರೆಗೆ ಮರೆತ ಹೆಂಡತಿಯ ನೆನಪನ್ನು ತಂದಿತು. ಬಡ ಬೆಸ್ತನಾದ ಪೇತ್ರನಿಗೆ ಕಟ್ಟಬೇಕಾದ ಕಾಣಿಕೆಯ ಹಣವನ್ನು ತರಬೇಕಾಯಿತು. ಪವಾಡದ ಕಥೆಯನ್ನು ಅಳೆಯುವ ಒಂದು ದಾರಿ ಇಲ್ಲಿ ದೊರೆಯುತ್ತದೆ. ನಿಸರ್ಗದ ಯಾವ ನಿಯಮ ಮುರಿಯಿತು ಎಂದು ಕೇಳುವುದರ ಜೊತೆಗೆ, ಯಾರಿಗೆ ಏನು ಇಲ್ಲವಾಗಿತ್ತು ಎಂದೂ ಕೇಳಬೇಕು.

ಕಲ್ಲಿನ ಮೇಲೆ ಕೆತ್ತಿದ ಹರಕೆಗಳು

ಗ್ರೀಸಿನ ಎಪಿಡಾರಸ್ ಎಂಬಲ್ಲಿ ವೈದ್ಯದೇವತೆ ಆಸ್ಕ್ಲೀಪಿಯಸ್ಸನ ಕ್ಷೇತ್ರವಿತ್ತು. ರೋಗಿಗಳು ದೂರದೂರದಿಂದ ಬಂದು, ಮಿಂದು, ಕಾಣಿಕೆ ಒಪ್ಪಿಸಿ, ರಾತ್ರಿ ಅಲ್ಲಿನ ವಿಶೇಷ ಮಂಟಪದಲ್ಲಿ ಮಲಗುವರು. ಕನಸಿನಲ್ಲಿ ದೇವರು ಬಂದು ಗುಣಪಡಿಸುವನೆಂದು ನಂಬಿಕೆ. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಈ ಪವಾಡಗಳನ್ನು ಕಲ್ಲಿನ ಫಲಕಗಳ ಮೇಲೆ ಕೆತ್ತಿ ನಿಲ್ಲಿಸಿದರು. ಇಂದು ಸುಮಾರು ಎಪ್ಪತ್ತು ಕಥೆಗಳು ಉಳಿದಿವೆ.

ಅವುಗಳಲ್ಲೊಂದು ಯೂಫನೀಸ್ ಎಂಬ ಹುಡುಗನದು. ಮೂತ್ರದ ಕಲ್ಲಿನಿಂದ ನರಳುತ್ತಿದ್ದ ಅವನ ಕನಸಿನಲ್ಲಿ ದೇವರು ಬಂದು, ಗುಣಪಡಿಸಿದರೆ ನನಗೇನು ಕೊಡುವೆ ಎಂದು ಕೇಳಿದನಂತೆ. ಆಟದ ಮೂಳೆಯ ದಾಳಗಳು ಹತ್ತು ಎಂದ ಹುಡುಗ. ದೇವರು ನಕ್ಕು ಒಪ್ಪಿದ. ಬೆಳಗಾಗುವಷ್ಟರಲ್ಲಿ ನೋವಿಲ್ಲ. ಇನ್ನೊಂದು ಕಥೆ ಹೊರೆ ಹೊರುವ ಆಳಿನದು. ಅವನು ದಾರಿಯಲ್ಲಿ ಮುಗ್ಗರಿಸಿ ಬಿದ್ದು, ಒಡೆಯನು ನಿತ್ಯ ಕುಡಿಯುವ ಬಟ್ಟಲು ಚೂರಾಯಿತು. ಚೂರುಗಳನ್ನು ಜೋಡಿಸಲು ಕುಳಿತವನನ್ನು ಕಂಡು ದಾರಿಹೋಕನೊಬ್ಬ, ಇದನ್ನು ದೇವರೂ ಸರಿಮಾಡಲಾರ ಎಂದು ಹಂಗಿಸಿದ. ಆಳು ಕ್ಷೇತ್ರಕ್ಕೆ ಹೋಗಿ ಚೀಲ ಬಿಚ್ಚಿದರೆ ಬಟ್ಟಲು ಇಡಿಯಾಗಿತ್ತು. ಒಡೆದ ಬಟ್ಟಲಿಗಿಂತ ಒಡೆಯನ ಕೋಪಕ್ಕೆ ಅಂಜಿದ ಒಬ್ಬ ದಾಸನ ಎದೆಬಡಿತ ಈ ಕಲ್ಲಿನಲ್ಲಿ ಇನ್ನೂ ಕೇಳಿಸುತ್ತದೆ.

ಇಂಥ ಗ್ರೀಕ್ ಕ್ಷೇತ್ರಗಳಲ್ಲಿ ಮಣ್ಣಿನ ಕೈ, ಕಾಲು, ಕಿವಿಗಳ ಹರಕೆಯ ಗೊಂಬೆಗಳು ರಾಶಿರಾಶಿಯಾಗಿ ಸಿಕ್ಕಿವೆ. ಹರಕೆ ಹೊತ್ತು ದೇವರಿಗೆ ಬೆಳ್ಳಿಯ ಕಣ್ಣು, ಬೆಳ್ಳಿಯ ಪಾದ ಒಪ್ಪಿಸುವ ನಮ್ಮ ತಾಯಂದಿರಿಗೆ ಇದರಲ್ಲಿ ಹೊಸದೇನೂ ಕಾಣದು. ಹೊಳಲ್ಕೆರೆಯಲ್ಲಿ ತಲೆಯ ಮೇಲೆ ಮಾಡಿಲ್ಲದೆ ಬಯಲಿನಲ್ಲಿ ಕುಳಿತ ದೊಡ್ಡ ಗಣಪತಿ ಇದ್ದಾನೆ. ಬೆನ್ನಮೇಲೆ ಜಡೆ ಇಳಿಬಿಟ್ಟ ಅಪರೂಪದ ಮೂರ್ತಿ ಅದು. ಮಕ್ಕಳ ಮದುವೆ, ಮನೆಗೆ ಮಗು ಎಂದು ಹರಕೆ ಹೊತ್ತವರು ಅವನ ಸುತ್ತ ಪ್ರದಕ್ಷಿಣೆ ಬರುತ್ತಾರೆ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗೆಯ ಕೊಳವುಂಟು. ಪೂಜೆ ಸಲ್ಲಿಸಿ ಬೇಡಿಕೊಂಡವರಿಗೆ ನೀರಿನೊಳಗಿಂದ ಹಣ್ಣು, ಕಾಯಿ, ಎಲೆ ಅಡಿಕೆ, ಬಳೆ ಮೊದಲಾದವು ಪ್ರಸಾದವಾಗಿ ತೇಲಿಬರುತ್ತವೆಂದೂ, ಬಂದ ವಸ್ತುವೇ ಬೇಡಿಕೆಗೆ ಗಂಗಮ್ಮನ ಉತ್ತರವೆಂದೂ ಭಕ್ತರು ನಂಬುತ್ತಾರೆ. ಮಳೆ ಮೋಡವನ್ನು ಎಣಿಸಿ ಬದುಕುವ ಸೀಮೆಯಲ್ಲಿ ದೇವರು ಮಾತನಾಡಬೇಕಾದರೆ ನೀರಿನ ಮೂಲಕವಲ್ಲದೆ ಮತ್ತಾವುದರ ಮೂಲಕ ಮಾತನಾಡಬೇಕು?

ಗೆಲ್ಲುವ ಪವಾಡ, ಉಣಿಸುವ ಪವಾಡ

ಪವಾಡಗಳೆಲ್ಲ ಒಂದೇ ಜಾತಿಯವಲ್ಲ. ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನರ ಹಸಿವನ್ನು ಹಿಂಗಿಸಿದ ಕಥೆಯನ್ನು ನಾಲ್ಕು ಸುವಾರ್ತೆಗಳೂ ಹೇಳುತ್ತವೆ. ಆದರೆ ನಮಗೊಂದು ಸೂಚನೆಯನ್ನು ತೋರಿಸು ಎಂದು ಪಂಡಿತರು ಸವಾಲು ಹಾಕಿದಾಗ ಏಸು ನಿಟ್ಟುಸಿರುಬಿಟ್ಟು ನಿರಾಕರಿಸಿದನೆಂದು ಮಾರ್ಕನ ಸುವಾರ್ತೆ ತಿಳಿಸುತ್ತದೆ. ಹಸಿದವರಿಗಾಗಿ ಆದದ್ದು ಪಂದ್ಯಕ್ಕಾಗಿ ಆಗಲಿಲ್ಲ.

ಕಾಲ ಕಳೆದಂತೆ ಪಂದ್ಯದ ಪವಾಡಗಳೂ ಹುಟ್ಟಿಕೊಂಡವು. ಎರಡನೆಯ ಶತಮಾನಕ್ಕೆ ಸೇರಿದ ‘ಪೇತ್ರನ ಕೃತ್ಯಗಳು’ ಎಂಬ ಗ್ರಂಥದಲ್ಲಿ ಪೇತ್ರನು ರೋಮ್ ನಗರದಲ್ಲಿ ಸೀಮೋನನೆಂಬ ಮಾಂತ್ರಿಕನನ್ನು ಎದುರಿಸುತ್ತಾನೆ. ಪೇತ್ರನು ಅಂಗಡಿಯ ಕಿಟಕಿಯಲ್ಲಿ ತೂಗಿದ್ದ ಒಣಮೀನನ್ನು ನೀರಿಗೆ ಬಿಟ್ಟು ಈಜಾಡಿಸುತ್ತಾನೆ. ಸೀಮೋನನು ಎಲ್ಲರ ಮುಂದೆ ಆಕಾಶಕ್ಕೆ ಹಾರುತ್ತಾನೆ. ಪೇತ್ರನ ಪ್ರಾರ್ಥನೆಯಿಂದ ಕೆಳಗೆ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಈ ಗ್ರಂಥವನ್ನು ಕ್ರೈಸ್ತಸಭೆ ತನ್ನ ಪವಿತ್ರಗ್ರಂಥದೊಳಗೆ ಸೇರಿಸಿಕೊಳ್ಳಲಿಲ್ಲ.

ಕನ್ನಡನಾಡಿಗೂ ಇದು ಅಪರಿಚಿತವಲ್ಲ. ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಕ್ರಿ. ಶ. 1200ರ ಸುಮಾರಿನ ಶಾಸನವೊಂದಿದೆ. ಶಿವಭಕ್ತನಾದ ಏಕಾಂತದ ರಾಮಯ್ಯ ಜೈನರೊಡನೆ ವಾದಕ್ಕಿಳಿದು, ಓಲೆಯಲ್ಲಿ ಪಣವನ್ನು ಬರೆಸಿಕೊಂಡು, ತನ್ನ ತಲೆಯನ್ನು ಅರಿದು ಶಿವನಿಗೆ ಒಪ್ಪಿಸಿ, ಏಳು ದಿನಗಳ ಮೇಲೆ ಮರಳಿ ಪಡೆದನೆಂದು ಅದು ಹೇಳುತ್ತದೆ. ಎಪಿಡಾರಸ್ಸಿನ ಫಲಕಗಳಂತೆ ಇದೂ ಕಲ್ಲಿನ ಮೇಲಿನ ಪವಾಡ. ಆದರೆ ಅಲ್ಲಿ ಮಗುವಿನ ನೋವು ಹೋಯಿತು. ಇಲ್ಲಿ ಒಂದು ಮತದವರು ಗೆದ್ದು ಇನ್ನೊಂದು ಮತದವರು ಬಸದಿಯನ್ನು ಕಳೆದುಕೊಂಡರು.

ಮತ್ತೊಂದು ಸಾಮ್ಯವನ್ನೂ ಗಮನಿಸಬೇಕು. ಬಸವಣ್ಣನವರ ಕಾಲ ಹನ್ನೆರಡನೆಯ ಶತಮಾನ. ಅವರ ವಚನಗಳಲ್ಲಿ ಕೇಳಿಬರುವುದು ಬಹುಮಟ್ಟಿಗೆ ಆತ್ಮಶೋಧನೆಯ ದನಿ. ಭೀಮಕವಿಯ ಬಸವಪುರಾಣ ಪೂರ್ಣವಾದದ್ದು 1369ರಲ್ಲಿ. ಅಲ್ಲಿ ಪುಟಪುಟಕ್ಕೂ ಪವಾಡ. ಏಸುವಿನ ಬಾಲ್ಯದ ವಿಷಯದಲ್ಲಿಯೂ ಹೀಗೆಯೇ. ಮಾರ್ಕನ ಸುವಾರ್ತೆಯಲ್ಲಿ ಬಾಲ್ಯದ ಕಥೆಯೇ ಇಲ್ಲ. ಅನಂತರ ಬಂದ ‘ತೋಮನ ಬಾಲಸುವಾರ್ತೆ’ಯಲ್ಲಿ ಐದು ವರ್ಷದ ಮಗು ಜೇಡಿಮಣ್ಣಿನ ಹನ್ನೆರಡು ಗುಬ್ಬಚ್ಚಿಗಳನ್ನು ಮಾಡಿ, ಚಪ್ಪಾಳೆ ತಟ್ಟಿ ಹಾರಿಸಿಬಿಡುತ್ತದೆ. ಮಹಾತ್ಮರು ದೂರವಾದಷ್ಟೂ ಅವರ ಸುತ್ತಣ ಬೆರಗು ಬೆಳೆಯುತ್ತದೆ. ಪ್ರೀತಿಯಿಂದಲೂ ಬೆಳೆಯುತ್ತದೆ, ಪಂಥಾಭಿಮಾನದಿಂದಲೂ ಬೆಳೆಯುತ್ತದೆ.

ನೀರು ಹೊತ್ತ ಒನಕೆ

ಪವಾಡಗಳನ್ನು ನಂಬಿದ ಗ್ರೀಕರ ನಡುವೆಯೇ ಅವನ್ನು ಪ್ರಶ್ನಿಸಿದವರೂ ಇದ್ದರು. ಅಪಸ್ಮಾರವನ್ನು ಜನ ‘ಪವಿತ್ರ ರೋಗ’ವೆಂದು ಕರೆಯುತ್ತಿದ್ದ ಕಾಲದಲ್ಲಿ, ಅದು ಉಳಿದ ರೋಗಗಳಿಗಿಂತ ಹೆಚ್ಚು ದೈವಿಕವೇನಲ್ಲ, ಕಾರಣ ತಿಳಿಯದ್ದರಿಂದ ಜನ ಹಾಗೆ ಅಂದುಕೊಂಡಿದ್ದಾರೆ ಎಂದು ಹಿಪಾಕ್ರಟೀಸನ ಪರಂಪರೆಯ ವೈದ್ಯನೊಬ್ಬ ಬರೆದಿಟ್ಟ. ಅದು ಇಂದಿಗೆ ಸುಮಾರು 2,400 ವರ್ಷಗಳ ಹಿಂದಿನ ಮಾತು.

ಕ್ರಿ. ಶ. ಎರಡನೆಯ ಶತಮಾನದ ಲೂಸಿಯನ್ ಎಂಬ ವಿಡಂಬನಕಾರ ಇನ್ನೂ ಮುಂದೆ ಹೋಗಿ ಸುಳ್ಳಿನ ಪ್ರೇಮಿಗಳನ್ನು ಕುರಿತೇ ಒಂದು ಸಂವಾದವನ್ನು ರಚಿಸಿದ. ಅದರಲ್ಲೊಬ್ಬ ಶಿಷ್ಯ ಈಜಿಪ್ಟಿನ ಗುರುವಿನಿಂದ ಮಂತ್ರವನ್ನು ಕದ್ದು ಕೇಳುತ್ತಾನೆ. ಒನಕೆಯೊಂದಕ್ಕೆ ಬಟ್ಟೆ ತೊಡಿಸಿ ಮಂತ್ರ ಹೇಳಿ, ನೀರು ತಾ ಎನ್ನುತ್ತಾನೆ. ಒನಕೆ ಕೊಡ ಹೊತ್ತು ನೀರು ತರತೊಡಗುತ್ತದೆ. ನಿಲ್ಲಿಸುವ ಮಂತ್ರ ಮಾತ್ರ ಅವನಿಗೆ ಗೊತ್ತಿಲ್ಲ! ಕೊಡಲಿಯಿಂದ ಎರಡು ಹೋಳು ಮಾಡಿದರೆ ಎರಡೂ ಹೋಳುಗಳು ನೀರು ಹೊರುತ್ತವೆ. ಮನೆಯೆಲ್ಲ ಜಲಮಯ.

ಒನಕೆ, ನೀರು ಎಂದೊಡನೆ ದುರ್ಗದವರಿಗೆ ನೆನಪಾಗುವ ಕಥೆ ಬೇರೆ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ, ಊಟಕ್ಕೆ ಕುಳಿತ ಗಂಡನಿಗೆ ನೀರು ತರಲು ಹೋದ ಓಬವ್ವ ಬಂಡೆಯ ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಂಡು ಕೈಗೆ ಸಿಕ್ಕ ಒನಕೆಯನ್ನು ಎತ್ತಿದಳು. ಆ ಒನಕೆಗೆ ಮಂತ್ರವಿರಲಿಲ್ಲ. ಯಾವ ದೇವರೂ ಪ್ರತ್ಯಕ್ಷವಾಗಲಿಲ್ಲ. 1779ರಲ್ಲಿ ಕೋಟೆ ಬಿದ್ದಿತು. ಪವಾಡದ ಕಥೆಗಳಿಗೆ ಬರವಿಲ್ಲದ ಈ ಸೀಮೆ ಎಲ್ಲಕ್ಕಿಂತ ಹೆಚ್ಚಾಗಿ ಎದೆಗೊತ್ತಿಕೊಂಡದ್ದು ಪವಾಡವಿಲ್ಲದ ಈ ಕಥೆಯನ್ನು.

ಪರೀಕ್ಷೆಯ ಬುದ್ಧಿ ನಮ್ಮಲ್ಲಿಯೂ ಇಲ್ಲದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ನಾಡಿನಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ ರಾಜ್ಯದ 2017ರ ಶಾಸನ 2020ರಿಂದ ಜಾರಿಯಲ್ಲಿದೆ. ಹಾವು ಕಚ್ಚಿದವನನ್ನು ವೈದ್ಯರಲ್ಲಿಗೆ ಹೋಗಗೊಡದೆ ಮಂತ್ರ ಹಾಕಿ ಕೂಡಿಸುವುದು ಅದರ ಪ್ರಕಾರ ಅಪರಾಧ. ಕಥೆ ಕಥೆಯಾಗಿದ್ದಾಗ ಮನಸ್ಸನ್ನು ತುಂಬುತ್ತದೆ. ಔಷಧದ ಸ್ಥಾನದಲ್ಲಿ ಕುಳಿತರೆ ಜೀವ ತೆಗೆಯುತ್ತದೆ. ಈ ಗೆರೆಯನ್ನು ಮನೆಯ ಹಿರಿಯರು ಮಕ್ಕಳಿಗೆ ತೋರಿಸಿಕೊಡಬೇಕು.

ಮರಳಿನ ಗುಡ್ಡೆಯ ಕೆಳಗೆ

ಚಿತ್ರದುರ್ಗದಿಂದ ಈಶಾನ್ಯಕ್ಕೆ, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಗೆ ಫಾಲ್ಗುಣ ಮಾಸದ ರಥೋತ್ಸವದಲ್ಲಿ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಕಡೆಗಳಿಂದಲೂ ಜನ ಹೊರಡುತ್ತಾರೆ. ಅಲ್ಲಿ ತಿಪ್ಪೇರುದ್ರಸ್ವಾಮಿಯ ಒಳಮಠ ಊರೊಳಗೆ, ಸಮಾಧಿಯಿರುವ ಹೊರಮಠ ಊರ ಹೊರಗೆ. ಭಕ್ತರು ಕೊಬ್ಬರಿಯನ್ನು ಬೆಂಕಿಗೆ ಅರ್ಪಿಸುತ್ತಾರೆ, ತೇರು ಎಳೆಯುತ್ತಾರೆ.

ಸ್ವಾಮಿಯ ಹೆಸರಿನಲ್ಲಿ ಸತ್ತ ಎಮ್ಮೆ ಎದ್ದು ಹಾಲು ಕೊಟ್ಟ ಕಥೆಯೂ ಉಂಟು. ಆದರೆ ಅವರ ಪವಾಡಗಳಲ್ಲಿ ಮುಖ್ಯವಾದದ್ದು ಕೆರೆಯದು. ಮಳೆ ನೆಚ್ಚಲಾಗದ ಆ ನೆಲದಲ್ಲಿ ಅವರು ಜನರನ್ನು ಕೂಡಿಸಿ ಕೆರೆಗಳನ್ನು ಕಟ್ಟಿಸಿದರು. ಕೂಲಿ ಕೊಡಲು ಸಂನ್ಯಾಸಿಯ ಬಳಿ ಹಣವೆಲ್ಲಿ? ಸಂಜೆ ಪ್ರತಿಯೊಬ್ಬ ಕೆಲಸಗಾರನೂ ಮರಳಿನ ಗುಡ್ಡೆಯನ್ನು ಕೆದಕಿ ನೋಡಬೇಕು. ಅವನು ದುಡಿದಷ್ಟಕ್ಕೆ ಸರಿಯಾದ ಹಣ ಅದರ ಕೆಳಗೆ ಇರುತ್ತಿತ್ತಂತೆ. ಮೈಗಳ್ಳನಿಗೆ ಕಡಮೆ, ದುಡಿದವನಿಗೆ ತುಂಬ. ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಸ್ವಾಮಿಯ ಮಾತೆಂದು ಸೀಮೆಯವರೆಲ್ಲರ ಬಾಯಲ್ಲಿದೆ.

ಇಲ್ಲಿ ಚಂದ್ರವಳ್ಳಿಯ ದಿನಾರಿಯನ್ನು ಮತ್ತೊಮ್ಮೆ ನೆನೆಯಬೇಕು. ಮತ್ತಾಯನ ಸುವಾರ್ತೆಯಲ್ಲಿ ಏಸು ಹೇಳಿದ ದೃಷ್ಟಾಂತವೊಂದಿದೆ. ಅದು ಪವಾಡವಲ್ಲ, ಕೂಲಿಯ ಕಥೆ. ದ್ರಾಕ್ಷಿತೋಟದ ಯಜಮಾನ ಬೆಳಗ್ಗೆ ಬಂದವರಿಗೂ, ನಡುಹಗಲಲ್ಲಿ ಬಂದವರಿಗೂ, ಹೊತ್ತು ಮುಳುಗುವ ಮುನ್ನ ಬಂದವರಿಗೂ ತಲಾ ಒಂದು ದಿನಾರಿಯನ್ನೇ ಕೊಡುತ್ತಾನೆ. ದಿನವೆಲ್ಲ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ನಾಯಕನಹಟ್ಟಿಯ ಮರಳು ಆ ಗೊಣಗಾಟಕ್ಕೆ ಅವಕಾಶವನ್ನೇ ಕೊಡಲಿಲ್ಲ. ಒಂದು ಕಥೆ ದೇವರ ಕರುಣೆ ಲೆಕ್ಕವನ್ನು ಮೀರಿದ್ದೆನ್ನುತ್ತದೆ. ಇನ್ನೊಂದು ದೇವರ ನ್ಯಾಯ ಲೆಕ್ಕ ತಪ್ಪದೆನ್ನುತ್ತದೆ. ದಿನಗೂಲಿಯವನ ಮನೆಯಲ್ಲಿ ಎರಡೂ ಬೇಕು. ಕೆಲಸ ಸಿಗದೆ ಸಂಜೆಯವರೆಗೆ ಸಂತೆಯಲ್ಲಿ ನಿಂತವನಿಗೆ ಮೊದಲನೆಯದು. ದುಡಿಸಿಕೊಂಡು ಕೂಲಿ ಮುರಿಯುವ ಯಜಮಾನನ ಕೈಗೆ ಸಿಕ್ಕವನಿಗೆ ಎರಡನೆಯದು.

ಕೋಡಿ ಬಿದ್ದ ದಿನ

ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡವಾಗಿ ಎರಡು ಗುಡ್ಡಗಳ ನಡುವೆ ಕಟ್ಟೆ ಕಟ್ಟುವ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಅದೇ ವಾಣೀವಿಲಾಸ ಸಾಗರ. ಕಣಿವೆಗೆ ಹೆಸರು ಕೊಟ್ಟ ಮಾರಮ್ಮನ ಗುಡಿ ಇಂದಿಗೂ ಕಟ್ಟೆಯ ಸನಿಹದಲ್ಲಿದೆ. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಮಗ, ಮೊಮ್ಮಗ, ಮರಿಮಗ ಎಂದು ತಲೆಮಾರುಗಳೇ ಕಾದವು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಅನಂತರ, ನೀರು ಮತ್ತೆ ಕೋಡಿಯ ಮೇಲೆ ಹರಿಯಿತು. 2025ರ ಜನವರಿಯಲ್ಲಿ ಮೂರನೆಯ ಬಾರಿ. ನೋಡಲು ಜನಸಾಗರವೇ ನೆರೆಯಿತು. ಅಜ್ಜನ ಬಾಯಲ್ಲಿ ಕಥೆಯಾಗಿ ಕೇಳಿದ್ದನ್ನು ಮೊಮ್ಮಕ್ಕಳು ಕಣ್ಣಾರೆ ಕಂಡರು.

ಅದರ ಕಾರಣಗಳು ಗುಟ್ಟಿನವಲ್ಲ. ಜಲಾನಯನ ಪ್ರದೇಶದಲ್ಲಿ ಸುರಿದ ಭಾರಿ ಮಳೆ, ಭದ್ರೆಯಿಂದ ಎತ್ತಿ ಹರಿಸಿದ ನೀರು, ಒಂದು ಶತಮಾನಕ್ಕೂ ಹಿಂದೆ ಕಲ್ಲಿನ ಮೇಲೆ ಕಲ್ಲಿಟ್ಟವರ ದುಡಿಮೆ. ಆದರೂ ಕೈಮುಗಿದು ನಿಂತವರನ್ನು ನೋಡಿ ನಗಬೇಕಾಗಿಲ್ಲ. ಕಾರಣ ಗೊತ್ತಿದ್ದ ಮಾತ್ರಕ್ಕೆ ಕೃತಜ್ಞತೆ ತಪ್ಪಾಗುವುದಿಲ್ಲ.

ಚಂದ್ರವಳ್ಳಿಯ ದಿನಾರಿಯನ್ನು ಅಗೆದವರು ಕಂಡರು. ಮೀನಿನ ಬಾಯ ನಾಣ್ಯವನ್ನಾಗಲಿ, ಮರಳಿನಡಿಯ ಕೂಲಿಯನ್ನಾಗಲಿ ಇಂದು ತೋರಿಸಬಲ್ಲವರು ಯಾರೂ ಇಲ್ಲ. ಆದರೆ ನಾಯಕನಹಟ್ಟಿಗೆ ಹೋದವರಿಗೆ ಊರಿನವರು ಕೆರೆಯನ್ನು ತೋರಿಸುತ್ತಾರೆ. ಮಳೆ ಬಂದ ವರ್ಷ ಅದರಲ್ಲಿ ನೀರು ನಿಲ್ಲುತ್ತದೆ.